ಬರ್ನಾರ್ಡ್ ಷಾ: ಚಿತ್ರಶಾಲೆಯಿಂದ ರಾಜಕಾರಣಕ್ಕೆ

ಜಾರ್ಜ್ ಬರ್ನಾರ್ಡ್ ಷಾ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವನು ನಾಟಕಕಾರ. ಆದರೆ ನಾನಿಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವುದು ಚಿತ್ರವಿಮರ್ಶಕನೂ ರಾಜಕೀಯ ವಿಡಂಬನಕಾರನೂ ಆದ ಷಾನ ವಿಚಾರ. ಇದಕ್ಕೊಂದು ಕಾರಣವುಂಟು. ಹಿಂದೆ ನಾನು ಕನ್ನಡ ಎಂ.ಎ. ತರಗತಿಯಲ್ಲಿ ವಿಮರ್ಶೆಯ ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬ, "ಸಾರ್, ಕಲೆಯಲ್ಲಿ ಸುಳ್ಳನ್ನು ಗುರುತಿಸಬಲ್ಲವನು ರಾಜಕೀಯದಲ್ಲಿಯೂ ಗುರುತಿಸಬಲ್ಲನೇ?" ಎಂದು ಕೇಳಿದ. ನಾನು ಹಿಂದುಮುಂದು ನೋಡದೆ "ಖಂಡಿತ" ಎಂದೆ. ಷಾನನ್ನೇ ನಿದರ್ಶನವಾಗಿ ಕೊಟ್ಟೆ.

1856ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಷಾಗೆ ಶಾಲೆ ಹಿಡಿಸಲಿಲ್ಲ. ಅವನಿಗೆ ನಿಜವಾದ ಪಾಠಶಾಲೆಯಾದದ್ದು ಆ ಊರಿನ ರಾಷ್ಟ್ರೀಯ ಚಿತ್ರಶಾಲೆ. 1876ರಲ್ಲಿ ಲಂಡನ್ನಿಗೆ ಬಂದು, ಹತ್ತು ವರ್ಷಗಳ ಬಡತನದ ಬಳಿಕ, ಗೆಳೆಯ ವಿಲಿಯಂ ಆರ್ಚರನ ನೆರವಿನಿಂದ 'ದಿ ವರ್ಲ್ಡ್' ಪತ್ರಿಕೆಯ ಚಿತ್ರವಿಮರ್ಶಕನಾದ. ಬಾಲ್ಯದಲ್ಲಿ ಕಣ್ತುಂಬಿಕೊಂಡ ಚಿತ್ರಗಳೇ ಆಗ ಅವನ ಬಂಡವಾಳ.

ಅವನ ಕಲಾಚಿಂತನೆಯ ಗಟ್ಟಿ ಬರಹ 1895ರದು. ಮ್ಯಾಕ್ಸ್ ನೋರ್ಡೌ ಎಂಬ ವೈದ್ಯ-ಲೇಖಕ ಇಬ್ಸನ್, ವ್ಯಾಗ್ನರ್, ಟಾಲ್‌ಸ್ಟಾಯ್ ಮೊದಲಾದವರ ಕೃತಿಗಳನ್ನು ರೋಗಲಕ್ಷಣಗಳೆಂದು ಕರೆದು, ಹೊಸ ಕಲೆಯೆಂಬುದೇ ಅವನತಿಯೆಂದು ಸಾರಿದ್ದ. ಅಮೆರಿಕದ 'ಲಿಬರ್ಟಿ' ಪತ್ರಿಕೆಯಲ್ಲಿ ಷಾ ಅದಕ್ಕೆ ಉತ್ತರ ಬರೆದ. ಅದೇ 1908ರಲ್ಲಿ 'ದಿ ಸ್ಯಾನಿಟಿ ಆಫ್ ಆರ್ಟ್' ಎಂಬ ಪುಸ್ತಕವಾಯಿತು. ಹೊಸ ಪಂಥದ ಬೆನ್ನಿಗೆ ಅನುಕರಣೆಯ ಕಸವೂ ಬರುತ್ತದೆಂಬುದನ್ನು ಅವನು ಮರೆಮಾಚಲಿಲ್ಲ. ಆದರೆ ಕಣ್ಣಿಗೆ ಅಭ್ಯಾಸವಿಲ್ಲದ್ದನ್ನೆಲ್ಲ ರೋಗವೆನ್ನುವುದು ವಿಮರ್ಶೆಯಲ್ಲ ಎಂದು ವಾದಿಸಿದ. ನೋರ್ಡೌ ಸ್ವತಃ ಯಹೂದಿ. ಆದರೂ ಅವನು ಬಳಕೆಗೆ ತಂದ ಆ ಬೈಗುಳವನ್ನೇ 1937ರಲ್ಲಿ ನಾಜಿಗಳು ಮ್ಯೂನಿಕ್‌ನಲ್ಲಿ ಏರ್ಪಡಿಸಿದ ಪ್ರದರ್ಶನಕ್ಕೆ ಹೆಸರಾಗಿಟ್ಟು ಆಧುನಿಕ ಕಲಾವಿದರನ್ನು ಅವಮಾನಿಸಿದರು. ಕಲೆಯ ಬಗೆಗಿನ ಒಂದು ಮಾತು ರಾಜಕಾರಣದಲ್ಲಿ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವಿಡಂಬನಕಾರ ಷಾನನ್ನು ಕಾಣಬೇಕಾದರೆ 1904ರ 'ಜಾನ್ ಬುಲ್ಸ್ ಅದರ್ ಐಲೆಂಡ್' ನಾಟಕವನ್ನು ನೋಡಬೇಕು. ಇಂಗ್ಲೆಂಡಿನ ಎಂಜಿನಿಯರ್ ಬ್ರಾಡ್‌ಬೆಂಟ್ ಐರಿಷ್ ಹಳ್ಳಿಯೊಂದಕ್ಕೆ ಬರುತ್ತಾನೆ. ಊರವರು ಅವನನ್ನು ಕಂಡು ನಗುತ್ತಾರೆ. ಅವರು ನಗುನಗುತ್ತಿರುವಾಗಲೇ ಊರಿನ ಹುಡುಗಿಯ ಕೈ, ಪಾರ್ಲಿಮೆಂಟಿನ ಸ್ಥಾನ, ಕೊನೆಗೆ ನೆಲ, ಎಲ್ಲವೂ ಅವನ ಪಾಲಾಗುತ್ತವೆ. ಆಳುವವನ ಜಂಬವನ್ನಷ್ಟೇ ಅಲ್ಲ, ಆಳಿಸಿಕೊಳ್ಳುವವರ ಕನಸುಗಾರಿಕೆಯನ್ನೂ ಷಾ ಬಿಡಲಿಲ್ಲ. 1907ರಲ್ಲಿ ಪ್ರಕಟವಾದ ಮುನ್ನುಡಿಯಲ್ಲಂತೂ ಹಾಸ್ಯ ಉರಿಯಾಗುತ್ತದೆ. ಹಿಂದಿನ ವರ್ಷ ಈಜಿಪ್ಟಿನ ಡೆನ್‌ಶವಾಯ್‌ನಲ್ಲಿ ಬ್ರಿಟಿಷ್ ಅಧಿಕಾರಿಗಳು ಹಳ್ಳಿಗರು ಸಾಕಿದ ಪಾರಿವಾಳಗಳನ್ನು ಬೇಟೆಯಾಡಿದ್ದರಿಂದ ಗಲಭೆಯಾಗಿ, ನಾಲ್ವರು ಹಳ್ಳಿಗರನ್ನು ಗಲ್ಲಿಗೇರಿಸಲಾಗಿತ್ತು. ಸಾಮ್ರಾಜ್ಯದ ರಾಜಧಾನಿಯಲ್ಲಿ ಕುಳಿತೇ ಷಾ ಆ ಅನ್ಯಾಯವನ್ನು ಎಳೆಎಳೆಯಾಗಿ ಬಿಡಿಸಿಟ್ಟ.

ಇಷ್ಟನ್ನೇ ನೆಚ್ಚಿ ನಾನು ಆ ಹುಡುಗನಿಗೆ ಉತ್ತರ ಹೇಳಿದ್ದೆ. ನಿವೃತ್ತಿಯ ನಂತರ ಷಾನ ಕೊನೆಗಾಲದ ಬರಹಗಳನ್ನು ಓದುವಾಗ ನನ್ನ ಉತ್ತರ ಕುಸಿಯಿತು. 1931ರಲ್ಲಿ ಮಾಸ್ಕೋಗೆ ಹೋಗಿ ಸ್ಟಾಲಿನ್‌ನನ್ನು ಕಂಡು ಬಂದವನು, 1933ರಲ್ಲಿ, ಸೋವಿಯತ್ ನೆಲದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸಾಯುತ್ತಿದ್ದಾಗ, ಆ ವರದಿಗಳನ್ನು ಅಪಪ್ರಚಾರವೆಂದು ಅಲ್ಲಗಳೆದ ಪತ್ರವೊಂದಕ್ಕೆ ಇತರರೊಡನೆ ಸಹಿ ಹಾಕಿದ. ಅದು 'ಮ್ಯಾಂಚೆಸ್ಟರ್ ಗಾರ್ಡಿಯನ್'ನಲ್ಲಿ ಅಚ್ಚಾಯಿತು. ದೂರದ ಡೆನ್‌ಶವಾಯ್‌ನ ನಾಲ್ಕು ಹೆಣಗಳನ್ನು ಕಂಡ ಕಣ್ಣು, ತಾನೇ ಹೋಗಿಬಂದ ನಾಡಿನ ಹೆಣಗಳ ರಾಶಿಯನ್ನು ಕಾಣಲಿಲ್ಲ!

ಏಕೆ ಹೀಗಾಯಿತು? ನನಗೆ ತೋರುವುದಿಷ್ಟು: ತಾನು ಒಪ್ಪದ ಅಧಿಕಾರದ ಮುಂದೆ ಷಾನ ಕಣ್ಣು ಎಚ್ಚರವಾಗಿತ್ತು, ತಾನು ಮೆಚ್ಚಿದ ಅಧಿಕಾರದ ಮುಂದೆ ಅದು ರೆಪ್ಪೆ ಮುಚ್ಚಿತು. ವಿಡಂಬನೆಯ ಮೊನೆ ಒಂದೇ ದಿಕ್ಕಿಗೆ ತಿರುಗಿದ್ದರೆ ಅದು ಆಯುಧವಾಗಬಹುದು, ದೀಪವಾಗಲಾರದು. ಹಾಗೆಂದು ಅವನ ಬರಹಗಳನ್ನು ಬದಿಗಿಡಬೇಕೆಂದು ನಾನು ಹೇಳಲಾರೆ. ಅವನ ತಪ್ಪನ್ನು ಅಳೆಯುವ ಅಳತೆಗೋಲು ನನಗೆ ದೊರೆತದ್ದೂ ಅವನ ಬರಹಗಳಿಂದಲೇ.

1950ರಲ್ಲಿ ತೀರಿಕೊಂಡಾಗ ಷಾ ತನ್ನ ಆಸ್ತಿಯ ಮೂರರಲ್ಲೊಂದು ಪಾಲನ್ನು ಡಬ್ಲಿನ್ನಿನ ಆ ಚಿತ್ರಶಾಲೆಗೆ ಬರೆದಿಟ್ಟಿದ್ದ. ಅವನ 'ಪಿಗ್ಮೇಲಿಯನ್' ನಾಟಕ 'ಮೈ ಫೇರ್ ಲೇಡಿ' ಎಂಬ ಗೀತನಾಟಕವಾಗಿ, ಬಳಿಕ ಚಲನಚಿತ್ರವಾಗಿ ತಂದ ಗೌರವಧನದಿಂದ ಅಲ್ಲಿಗೆ ಹಲವು ಚಿತ್ರಗಳು ಬಂದವು. ತನಗೆ ನೋಡಲು ಕಲಿಸಿದ ಮನೆಯ ಋಣವನ್ನು ಅವನು ಹೀಗೆ ತೀರಿಸಿದ. ನನ್ನ ಮೇಲೂ ಒಂದು ಋಣವಿದೆ. ಆ ವಿದ್ಯಾರ್ಥಿ ಇಂದು ಎಲ್ಲಿಯಾದರೂ ಇದನ್ನು ಕೇಳುತ್ತಿದ್ದರೆ, ಅಂದಿನ "ಖಂಡಿತ" ಎಂಬ ಮಾತನ್ನು ನಾನು ಹಿಂದಕ್ಕೆ ಪಡೆದಿದ್ದೇನೆಂದು ತಿಳಿಯಲಿ.