ಆ ತಾಯಿ ಕೊಟ್ಟ ಇನ್ನೂರು ಡಾಲರ್



ಮಕ್ಕಳು ಕವಿತೆ, ನಾಟಕ ಎಂದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, ‘ಅದರಿಂದ ಹೊಟ್ಟೆ ತುಂಬೀತೇ?’ ಎಂಬುದು. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ನಾವಿಂದು ಡೆರೆಕ್ ವಾಲ್ಕಾಟ್‌ರ ಬದುಕನ್ನು ನೋಡಬಯಸುತ್ತೇವೆ.

ಅವರು ಹುಟ್ಟಿದ್ದು 1930ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕೆರಿಬಿಯನ್ ದ್ವೀಪ ಸೇಂಟ್ ಲೂಸಿಯಾದಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಕೆಥೊಲಿಕ್ ಬಹುಸಂಖ್ಯಾತರ ನಡುವೆ ಅವರದು ಮೆಥಡಿಸ್ಟ್ ಅಲ್ಪಸಂಖ್ಯಾತ ಕುಟುಂಬ. ಶಿಕ್ಷಕಿಯಾಗಿದ್ದ ತಾಯಿ ಹೊಲಿಗೆಯನ್ನೂ ಮಾಡಿ ಮಕ್ಕಳನ್ನು ಸಾಕಿದರು. ಹದಿನಾಲ್ಕರ ಹರೆಯದಲ್ಲಿ ಹುಡುಗನ ಕವಿತೆ ಪತ್ರಿಕೆಯಲ್ಲಿ ಅಚ್ಚಾದಾಗ ಪಾದ್ರಿಯೊಬ್ಬರು ಅದನ್ನು ಧರ್ಮವಿರೋಧಿಯೆಂದು ಖಂಡಿಸಿದರು. ಆದರೂ 1948ರಲ್ಲಿ ಮಗ ತನ್ನ ಮೊದಲ ಸಂಕಲನದ ಮುದ್ರಣಕ್ಕೆ ಹಣ ಕೇಳಿದಾಗ ತಾಯಿ ಇನ್ನೂರು ಡಾಲರ್ ಹೊಂದಿಸಿ ಕೊಟ್ಟರು. ಆ ವಿಧವೆಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಮಗ ಬೀದಿಯಲ್ಲಿ ನಿಂತು ಪ್ರತಿಗಳನ್ನು ಮಾರಿ ಆ ಹಣವನ್ನು ಹಿಂದಿರುಗಿಸಿದರು.

ಮುಂದೆ ಅವರು ಅಧ್ಯಾಪಕರಾದರು. 1959ರಲ್ಲಿ ಟ್ರಿನಿಡಾಡ್‌ನಲ್ಲಿ ನಾಟಕ ತಂಡವೊಂದನ್ನು ಕಟ್ಟಿದರು. ಇದ್ದಿಲು ಸುಡುವ ಬಡವನೊಬ್ಬನನ್ನು ನಾಯಕನಾಗಿಸಿದ ಅವರ ನಾಟಕ 1971ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಶಸ್ತಿ ಪಡೆಯಿತು. ಮೀನುಗಾರರ ಬದುಕಿನ ಮಹಾಕಾವ್ಯ ‘ಒಮೆರೋಸ್’ 1990ರಲ್ಲಿ ಹೊರಬಂತು. 1992ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ತಮ್ಮ ನೊಬೆಲ್ ಭಾಷಣವನ್ನು ಅವರು ಆರಂಭಿಸಿದ್ದು ಟ್ರಿನಿಡಾಡ್‌ನ ಹಳ್ಳಿಯೊಂದರ ರಾಮಲೀಲೆಯಿಂದ. ಅದನ್ನು ಆಡುತ್ತಿದ್ದವರು ಭಾರತದಿಂದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದವರ ಸಂತತಿ. ತಾವು ಅಲ್ಲಿ ಕಳೆದುಹೋದುದರ ಶೋಕವನ್ನು ಹುಡುಕಿದ್ದು ತಪ್ಪೆಂದೂ, ಅಲ್ಲಿದ್ದುದು ನಂಬಿಕೆ ಮತ್ತು ಸಂಭ್ರಮವೆಂದೂ ಅವರು ಒಪ್ಪಿಕೊಂಡರು. ಅನ್ಯರ ಶ್ರದ್ಧೆಯನ್ನು ನೋಡುವಾಗ ತನ್ನ ದೃಷ್ಟಿಯನ್ನೇ ತಿದ್ದಿಕೊಳ್ಳುವ ಈ ವಿನಯ ನಮ್ಮೆಲ್ಲರಿಗೂ ಬೇಕಾದುದು.

ಆದರೆ ಹೊಗಳಿಕೆಯ ಭರದಲ್ಲಿ ನಾವು ಸತ್ಯವನ್ನು ಮರೆಮಾಚಬಾರದು. ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದಾಗ, 1982ರಲ್ಲಿ, ವಿದ್ಯಾರ್ಥಿನಿಯೊಬ್ಬರು ಅವರ ಮೇಲೆ ಲೈಂಗಿಕ ಕಿರುಕುಳದ ದೂರು ನೀಡಿದ್ದರು. ಅಂತಹ ಹಳೆಯ ಆರೋಪಗಳು ಮತ್ತೆ ಮುನ್ನೆಲೆಗೆ ಬಂದಾಗ, 2009ರಲ್ಲಿ, ಅವರು ಆಕ್ಸ್‌ಫರ್ಡ್‌ನ ಕಾವ್ಯ ಪ್ರಾಧ್ಯಾಪಕ ಹುದ್ದೆಯ ಸ್ಪರ್ಧೆಯಿಂದ ಹಿಂದೆ ಸರಿದರು. ಗುರುವಿನ ಕೀರ್ತಿ ಎಷ್ಟೇ ದೊಡ್ಡದಿರಲಿ, ಶಿಷ್ಯೆಯ ದೂರನ್ನು ಆಲಿಸಲೇಬೇಕು. ಇದು ನಮ್ಮ ಶಾಲೆ, ಮದ್ರಸಗಳಿಗೂ ಅನ್ವಯಿಸುವ ಮಾತು.

ವಾಲ್ಕಾಟ್ 2017ರಲ್ಲಿ ಹುಟ್ಟೂರಿನ ದ್ವೀಪದಲ್ಲೇ ನಿಧನರಾದರು. ನಾಳೆ ನಿಮ್ಮ ಮಗನೋ ಮಗಳೋ ಬರೆದ ಹಾಳೆಯೊಂದನ್ನು ನಿಮ್ಮ ಮುಂದೆ ಹಿಡಿದರೆ, ಹೊಟ್ಟೆಪಾಡಿನ ಪ್ರಶ್ನೆ ಕೇಳುವ ಮೊದಲು ಅದನ್ನು ಒಮ್ಮೆ ಓದಿರಿ. ನಮ್ಮ ವಿನಂತಿ ಇಷ್ಟೇ.