ಕುಂಟುವ ಮೊದಲೇ ಕಾಲು ನೋಡೋಣ

(ಬೆಳ್ಳಿಹಬ್ಬದ ಪಶುಪಾಲನಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಸು ಕೊಳ್ಳುವಾಗ ನಾವು ಕೆಚ್ಚಲು ನೋಡ್ತೀವಿ, ಸುಳಿ ನೋಡ್ತೀವಿ, ಹಲ್ಲು ಎಣಿಸ್ತೀವಿ. ಗೊರಸು ಎತ್ತಿ ನೋಡುವವರು ಎಷ್ಟು ಮಂದಿ? ಕಾಲು ನೊಂದ ಹಸು ಗೊಂತಿನವರೆಗೂ ಹೋಗದು, ಮೇವು ಕಮ್ಮಿಯಾಗ್ತದೆ, ಹಾಲು ಇಳೀತದೆ. ಬೆದೆಗೆ ಬಂದರೂ ನಮಗೆ ತಿಳಿಯೋದಿಲ್ಲ.

ಮಳೆಗಾಲದಲ್ಲಿ ಹೆಚ್ಚಾಗಿ ಕಾಣುವುದು ಗೊರಸು ಕೊಳೆತ. ಸಗಣಿ, ಗಂಜಲದ ಕೆಸರಿನಲ್ಲೇ ನಿಂತರೆ ಗೊರಸಿನ ಸಂದಿನ ಚರ್ಮ ನೆನೆದು ಮೆತ್ತಗಾಗ್ತದೆ. ಒಂದು ಕಲ್ಲೋ ಕೂಳೆಯೋ ಚುಚ್ಚಿದರೆ ಸಾಕು, ಸಗಣಿಯಲ್ಲಿರುವ ರೋಗಾಣು ಒಳಹೊಕ್ಕು ಕೀವು, ಊತ, ಕೆಟ್ಟ ವಾಸನೆ ಬರ್ತದೆ. ಜಟಕಾ ಕುದುರೆ ಸಾಕಿದ್ದವರಿಗೆ ಈ ವಾಸನೆ ಗೊತ್ತಿರಬೇಕು. ಕೊಚ್ಚೆಯಲ್ಲಿ ನಿಂತ ಕುದುರೆಯ ಪಾದದಡಿಯ ಮೆತ್ತನೆ ಭಾಗ ಕಪ್ಪಾಗಿ ಕೊಳೆಯುವುದೂ ಹೀಗೆಯೇ.

ಇದನ್ನು ಕಾಲುಬಾಯಿ ಜ್ವರ ಎಂದುಕೊಳ್ಳಬಾರದು. ಗೊರಸು ಕೊಳೆತ ಸಾಮಾನ್ಯವಾಗಿ ಒಂದೇ ಕಾಲಿಗೆ ಬರ್ತದೆ. ಕಾಲುಬಾಯಿಯಲ್ಲಿ ಬಾಯಲ್ಲೂ ಹುಣ್ಣು, ಜೊಲ್ಲು. ಒಂದರಿಂದ ಇನ್ನೊಂದಕ್ಕೆ ಬೇಗ ಹರಡ್ತದೆ. ಅದಕ್ಕೆ 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತ ಲಸಿಕೆ ಇದೆ. ಲಸಿಕೆಯವರು ಮನೆಬಾಗಿಲಿಗೆ ಬಂದಾಗ ‘ಹಾಲು ಇಳೀತದೆ’ ಅಂತ ವಾಪಸು ಕಳಿಸಬೇಡಿ.

ಹಸು ಕುಂಟಿದ್ದು ಕಂಡ ದಿನವೇ ಕಾಲು ತೊಳೆದು ಸಂದಿನಲ್ಲಿ ಕಲ್ಲು, ಮುಳ್ಳು ಇದೆಯೇ ನೋಡಿ, ಒಣ ನೆಲದಲ್ಲಿ ಕಟ್ಟಿ, ಡಾಕ್ಟರಿಗೆ ತಿಳಿಸಿ. 1962ಕ್ಕೆ ಫೋನ್ ಮಾಡಿದರೂ ಆಯಿತು. ಮೊದಲ ಒಂದೆರಡು ದಿನದಲ್ಲಿ ಇಂಜೆಕ್ಷನ್ ಬಿದ್ದರೆ ಬೇಗ ವಾಸಿ. ತಡವಾದರೆ ಕೀವು ಕೀಲಿಗೆ ಇಳಿದು ಹಸು ಕೈಬಿಟ್ಟು ಹೋಗಬಹುದು. ಡಾಂಬರು, ಸೀಮೆಎಣ್ಣೆ, ಸುಟ್ಟ ಇಂಜಿನ್ ಆಯಿಲ್ ಸುರಿಯುವುದು ಬೇಡವೇ ಬೇಡ. ಹಸಿ ಗಾಯ ಸುಡ್ತದೆ.

ಮಿಕ್ಕ ಹಸುಗಳಿಗೆ ಬಾರದಂತೆ ಪಾದಸ್ನಾನ ಮಾಡಿಸಬಹುದು. 10 ಲೀಟರ್ ನೀರಿಗೆ ಅರ್ಧ ಕೆ.ಜಿ. ಮೈಲುತುತ್ತ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ತೊಟ್ಟಿ ಇರಲಿ. ಕಾಲಿನ ಸಗಣಿ ತೊಳೆದು ನಂತರ ಗೊರಸು ಅದ್ದಿಸಿ. ದನ, ಕುರಿ ಅದನ್ನು ಕುಡಿಯದ ಹಾಗೆ ಎಚ್ಚರ. ಬಳಸಿದ ನೀರು ಕೆರೆ, ಬಾವಿ ಸೇರಬಾರದು. ಇದೆಲ್ಲಕ್ಕಿಂತ ಮೊದಲು ಕೊಟ್ಟಿಗೆ ಒಣಗಿರಬೇಕು. ಗಂಜಲ ಹರಿದುಹೋಗಲು ಇಳಿಜಾರು, ದಿನಕ್ಕೆರಡು ಸಲ ಸಗಣಿ ಬಾಚುವುದು, ಇದಕ್ಕೆ ದೊಡ್ಡ ಖರ್ಚೇನಿಲ್ಲ. ಕಟ್ಟಿ ಮೇಯಿಸುವ ಮಿಶ್ರತಳಿಗೆ ಗೊರಸು ಸವೆಯೋದಿಲ್ಲ. ವರ್ಷಕ್ಕೆ ಒಂದೆರಡು ಸಲ ತಿಳಿದವರಿಂದ ಕತ್ತರಿಸಿಸಿ.

ಕಡೆಯದಾಗಿ, ಸಂಘಕ್ಕೆ ಸಂಬಂಧಪಟ್ಟ ಮಾತು. ಇಂಜೆಕ್ಷನ್ ಆದ ಹಸುವಿನ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಡೇರಿಗೆ ಹಾಕಬಾರದು, ಮನೆಯಲ್ಲೂ ಬಳಸಬಾರದು. ನಷ್ಟ ನಿಜ, ನಮಗೂ ಹೊಟ್ಟೆ ಉರೀತದೆ. ಆದರೆ ನಮ್ಮ ಹಾಲೆಲ್ಲ ಒಂದೇ ಕಡೆ ಸೇರ್ತದೆ. ಔಷಧಿ ಅಂಶವಿದ್ದರೆ ಮೊಸರು ಸರಿಯಾಗಿ ಹೆಪ್ಪುಗಟ್ಟದು, ಆ ಹಾಲು ಮಕ್ಕಳ ಹೊಟ್ಟೆಗೂ ಹೋಗ್ತದೆ. ಒಬ್ಬರು ಮುಚ್ಚಿಟ್ಟರೆ ಹೆಸರು ಕೆಡೋದು ಎಲ್ಲರದೂ. ಇಂಥ ದಿನಗಳಲ್ಲಿ ಆ ಸದಸ್ಯರಿಗೆ ಸಂಘದಿಂದ ಏನಾದರೂ ಆಸರೆ ಕೊಡಲು ಸಾಧ್ಯವೇ ಎಂದು ಆಡಳಿತ ಮಂಡಳಿ ಮುಂದಿನ ಸಭೆಯಲ್ಲಿ ಯೋಚಿಸಬೇಕೆಂದು ಕೋರುತ್ತೇವೆ.