ದಾಖಲೆ ಇದ್ದರೆ ಸಾಲದು, ಕೊಂಡಿ ಬೇಕು

ಇವತ್ತು ಡೇಟಾ ಪ್ರೈವೆಸಿ ಸಾಫ್ಟ್‌ವೇರ್ ಬಗ್ಗೆ ಒಂದೇ ಮಾತು ಹೇಳ್ತೀನಿ. ಕಂಪನಿಯಲ್ಲಿ ಗ್ರಾಹಕರ ಒಪ್ಪಿಗೆಗೆ ಒಂದು ದಾಖಲೆ, ಮಾಹಿತಿ ಇಟ್ಟಿರುವ ಸರ್ವರ್‌ಗೆ ಇನ್ನೊಂದು, ಎಸ್‌ಎಂಎಸ್ ಕಳಿಸುವ ಹೊರಗಿನ ಸಂಸ್ಥೆಗೆ ಮತ್ತೊಂದು. ಮೂರೂ ಅಚ್ಚುಕಟ್ಟಾಗಿವೆ. ಆದರೆ ಒಂದಕ್ಕೊಂದು ಜೋಡಿಸದಿದ್ದರೆ?

ನೀವು ಒಪ್ಪಿಗೆ ವಾಪಸ್ ತಗೊಂಡ್ರಿ ಅಂದುಕೊಳ್ಳಿ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಕಂಪನಿ ತಾನು ಬಳಕೆ ನಿಲ್ಲಿಸಿದರೆ ಸಾಲದು. ತನ್ನ ಪರವಾಗಿ ಬಳಸುವವರೂ ನಿಲ್ಲಿಸುವಂತೆ ಮಾಡಬೇಕು. ಮಾಹಿತಿ ಯಾರ್ಯಾರ ಕೈಗೆ ಹೋಗಿದೆ ಅಂತಲೇ ಗೊತ್ತಿಲ್ಲದಿದ್ದರೆ, ನಿಲ್ಲಿಸಿ ಅಂತ ಹೇಳೋದು ಯಾರಿಗೆ? ಎಸ್‌ಎಂಎಸ್ ಬರ್ತಾನೇ ಇರುತ್ತೆ.

ಅದಕ್ಕೇ ನಾನು ಹೇಳೋದು: ಸಾಫ್ಟ್‌ವೇರ್ ಕೊಳ್ಳುವಾಗ ಅದರಲ್ಲಿ ಎಷ್ಟು ದಾಖಲೆ ಹಿಡಿಯುತ್ತೆ ಅಂತ ಕೇಳಬೇಡಿ. ಒಂದು ಒಪ್ಪಿಗೆಯ ದಾಖಲೆ ತೆರೆದರೆ ಅದಕ್ಕೆ ಸೇರಿದ ಸರ್ವರ್, ಸಂಸ್ಥೆ ಎರಡೂ ಕಾಣುತ್ತವಾ ಅಂತ ಕೇಳಿ.